ಮಸೂರದ ಧೂಳು

ಬ್ಯಾಂಕಿನಿಂದ ಬಂದವರೆಂದರೆ ನನಗೆ ಅಷ್ಟಕ್ಕಷ್ಟೇ. ಇಪ್ಪತ್ತೆರಡು ವರ್ಷ ಅಡಿಲೇಡಿನ ಉತ್ತರಕ್ಕಿದ್ದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಕೂತವನು ನಾನು. ಬಾಯ್ಲರ್ ಕೆಮ್ಮಿದರೆ ಸಾಕು, ಯಾವ ಪೈಪಿನ ಕಾಯಿಲೆ ಎಂದು ಕೂತಲ್ಲಿಂದಲೇ ಹೇಳುತ್ತಿದ್ದೆ. ಸ್ಥಾವರ ಮುಚ್ಚಿದ ಮೇಲೆ ಅಡಿಲೇಡಿಗೆ ಬಂದು ಒಂದು ಸಣ್ಣ ವಿದ್ಯುತ್ ಕಂಪನಿಯಲ್ಲಿ ಕರೆಂಟು ಮಾರುವ ಕೆಲಸಕ್ಕೆ ಸೇರಿದೆ. ಕಂಪನಿಯದ್ದು ಒಂದು ಗಾಳಿಯಂತ್ರಗಳ ಸಾಲು, ನೂರು ಮೆಗಾವಾಟಿನ ಒಂದು ಸೋಲಾರ್ ಬಯಲು, ಒಂದು ದೊಡ್ಡ ಬ್ಯಾಟರಿ. ಎಲ್ಲವೂ ಎರಡೂವರೆ ಗಂಟೆ ದಾರಿಯಾಚೆ, ಗೋಧಿ ಬೆಳೆಯುವ ಸೀಮೆಯಲ್ಲಿ. ಮಾರುವವರು ನಾವು ಐದು ಜನ, ಊರ ನಡುವಿನ ಆರನೇ ಮಹಡಿಯಲ್ಲಿ.

ನಮ್ಮಲ್ಲಿ ಕರೆಂಟಿನ ಬೆಲೆ ಐದು ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಮಧ್ಯಾಹ್ನ ಊರಿನ ಸೂರುಗಳ ಮೇಲೆಲ್ಲ ಸೋಲಾರ್ ಕೆಲಸ ಮಾಡುವಾಗ ಅದು ಸೊನ್ನೆಗಿಂತಲೂ ಕೆಳಗಿಳಿಯುತ್ತದೆ, ಎಂದರೆ ಕರೆಂಟು ಕೊಡುವವರೇ ದುಡ್ಡು ತೆರಬೇಕು. ಬೇಸಿಗೆಯ ಸಂಜೆ ಎಲ್ಲರೂ ಮನೆಗೆ ಬಂದು ಏಸಿ ಹಾಕಿದರೆ ಒಮ್ಮೊಮ್ಮೆ ನೂರು ಪಟ್ಟು ಏರುತ್ತದೆ. ಹಾಗೆ ಏರಿದ ಸುದ್ದಿ ಪತ್ರಿಕೆಯಲ್ಲಿ ಬಂದ ವಾರ ಬ್ಯಾಂಕಿನವರ ಅರ್ಜಿಗಳು ಶುರುವಾಗುತ್ತವೆ. ಒಳ್ಳೆಯ ಸೂಟು, ಒಳ್ಳೆಯ ಮಾತು. ಬೆಲೆ ಏರುವುದು ಗೊತ್ತು, ಏರಿಸುವುದು ಏನೆಂದು ಗೊತ್ತಿಲ್ಲ.

ಅಂಥವರನ್ನು ಜರಡಿ ಹಿಡಿಯಲು ನಾನೊಂದು ಪ್ರಶ್ನೆ ಇಟ್ಟುಕೊಂಡಿದ್ದೆ. ಆ ವರ್ಷದ ಆಗಸ್ಟಿನಲ್ಲಿ ಮರೀಟಾ ಲೇಮನ್ ಸಂದರ್ಶನಕ್ಕೆ ಬಂದಾಗಲೂ ಅದನ್ನೇ ಕೇಳಿದೆ. ಅವಳಿಗೆ ಮೂವತ್ತಾರು ವರ್ಷ. ಬರೋಸಾದಲ್ಲಿ ವೈನಿನ ಪೀಪಾಯಿ ಮಾಡುವವರ ಮಗಳು, ಮೆಲ್ಬರ್ನಿನ ಬ್ಯಾಂಕೊಂದರಲ್ಲಿ ಹನ್ನೊಂದು ವರ್ಷ ದುಡಿದವಳು. ಮೊದಲು ಬಾಂಡುಗಳ ವಹಿವಾಟು, ಆಮೇಲೆ ವಿದ್ಯುತ್ ಯೋಜನೆಗಳಿಗೆ ಸಾಲದ ಲೆಕ್ಕ. ನಮ್ಮ ವಿಭಾಗದ ಮುಖ್ಯಸ್ಥೆ ಆಂಥೀಯಾ ಕೂರೋಸ್ ಒಪ್ಪಂದಗಳ ಬಗ್ಗೆ ಕೇಳಿದ್ದಕ್ಕೆಲ್ಲ ಮರೀಟಾ ಪಟಪಟನೆ ಉತ್ತರಿಸಿದಳು. ಆಂಥೀಯಾಳೇ ಒಂದೆರಡು ಕಡೆ ನೋಟ್ ಮಾಡಿಕೊಂಡದ್ದನ್ನು ಕಂಡೆ.

"ಇಷ್ಟು ದಿನ ಬ್ಯಾಂಕಲ್ಲಿ ಆರಾಮಾಗಿದ್ರಿ. ಈಗ ಇಲ್ಲಿಗ್ಯಾಕೆ?" ಎಂದು ಕೇಳಿದೆ.

"ಹನ್ನೊಂದು ಗಾಳಿಯಂತ್ರದ ಯೋಜನೆಗಳಿಗೆ ಸಾಲ ಕೊಡಿಸಿದೀನಿ. ಒಂದನ್ನೂ ಹತ್ರದಿಂದ ನೋಡಿಲ್ಲ. ಕಾಗದದಲ್ಲಿ ವರ್ಷಕ್ಕೆ ಇಷ್ಟು ಗಾಳಿ ಅಂತ ಇರುತ್ತೆ. ಆ ಗಾಳಿ ಮಂಗಳವಾರ ಬೀಸುತ್ತಾ ಬುಧವಾರ ಬೀಸುತ್ತಾ ಅಂತ ಯಾರೂ ಕೇಳಲ್ಲ. ನಂಗೆ ಅದು ತಲೇಲಿ ಕೊರೀತಾನೇ ಇತ್ತು."

ಪರದೆಯ ಮೇಲೆ ನನ್ನ ನಕ್ಷೆ ತೆರೆದೆ. ಹಿಂದಿನ ನವೆಂಬರ್. ಮೋಡವಿಲ್ಲದ ಆಕಾಶ. ನಮ್ಮ ಸೋಲಾರ್ ಬಯಲು ತೊಂಬತ್ತೊಂದು ಮೆಗಾವಾಟ್ ಕೊಡಬೇಕು ಎಂದು ಮುನ್ಸೂಚನೆ, ಕೊಟ್ಟದ್ದು ಎಂಬತ್ತಮೂರು. ಮೂರು ವಾರ ಹೀಗೇ. ಆಮೇಲೆ ತಾನಾಗಿಯೇ ಸರಿಯಾಗಿದೆ.

"ಯಾಕೆ?" ಎಂದೆ.

ಹಿಂದೆ ಬಂದವರೆಲ್ಲ ಇಲ್ಲಿ ಒಂದೊಂದು ಸಿದ್ಧಾಂತ ಹೇಳಿದ್ದರು. ಒಬ್ಬ ಬೆಲೆ ಕಡಿಮೆ ಇದ್ದದ್ದರಿಂದ ನೀವೇ ನಿಲ್ಲಿಸಿದ್ದೀರಿ ಎಂದಿದ್ದ. ಇನ್ನೊಬ್ಬ ಚೀನಾದ ಫಲಕಗಳನ್ನು ಬೈದಿದ್ದ. ಮರೀಟಾ ಕುರ್ಚಿ ಮುಂದಕ್ಕೆಳೆದುಕೊಂಡು ನಕ್ಷೆಯನ್ನು ಎರಡು ನಿಮಿಷ ನೋಡಿದಳು.

"ಗೊತ್ತಿಲ್ಲ. ಯಾಕೆ?"

"ನಾನು ನಿಮ್ಮನ್ನ ಕೇಳಿದ್ದು."

"ಗೊತ್ತಾಗ್ತಿದೆ. ಆದ್ರೆ ನಿಮ್ಗೆ ಗೊತ್ತಿರುತ್ತಲ್ಲ, ಹೇಳಿ. ಇವತ್ತು ಮನೆಗೆ ಹೋದ್ರೆ ನಿದ್ದೆ ಬರಲ್ಲ ನಂಗೆ."

ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ಮೀಟರ್ ಬದಲಿಸಿ ನೋಡಿದ್ದರು, ತಂತಿ ತಪಾಸಣೆ ಮಾಡಿದ್ದರು. ಫಲಕಗಳ ಮೇಲಿನ ಕೊಳೆ ಅಳೆಯುವ ಸಾಧನ ಸ್ವಚ್ಛ ಎಂದೇ ಹೇಳುತ್ತಿತ್ತು. ಮೂರು ವರ್ಷ ಸತತವಾಗಿ ಹಾಗಾಗಿತ್ತು, ಪ್ರತಿ ಸಲ ತಾನಾಗಿ ಸರಿಹೋಗುತ್ತಿತ್ತು. ಸರಿಹೋದ ಮೇಲೆ ಯಾರಿಗೆ ಬೇಕು?

"ಗೊತ್ತಿಲ್ಲ," ಎಂದೆ.

ಆಂಥೀಯಾ ನನ್ನ ಕಡೆ ತಿರುಗಿದಳು. "ಏನು? ಮೂರು ವರ್ಷದಿಂದ ಉತ್ತರ ಗೊತ್ತಿಲ್ದೇ ಈ ಪ್ರಶ್ನೆ ಕೇಳ್ತಾ ಇದ್ಯಾ, ಲಾಯ್ಡ್?"

"ಬುರುಡೆ ಬಿಡ್ತಾರಾ ಅಂತ ನೋಡೋಕೆ."

ಮರೀಟಾ ನಕ್ಕಳು. ಆದರೂ ಕೆಲಸ ಅವಳಿಗೆ ಸಿಗಲಿಲ್ಲ. ಆಂಥೀಯಾ ಒಬ್ಬ ಇಂಜಿನಿಯರನನ್ನು ಆರಿಸಿದಳು, ನಾನೂ ತಲೆಯಾಡಿಸಿದೆ. ಬ್ಯಾಂಕಿನವಳು, ಆರು ತಿಂಗಳಿಗೆ ಬೇಜಾರಾಗಿ ಹೋಗುತ್ತಾಳೆ ಎಂದುಕೊಂಡೆವು. ಒಳ್ಳೆಯ ಮಾತುಗಳ ಒಂದು ಪತ್ರ ಹೋಯಿತು. ಅಲ್ಲಿಗೆ ಮುಗಿಯಿತು ಎಂದು ನಾನು ಮರೆತೆ.

ನವೆಂಬರ್ ಎರಡನೇ ವಾರ, ಶುಕ್ರವಾರ ಮಧ್ಯಾಹ್ನ, ಮೇಜಿನ ಮೇಲಿನ ಫೋನು ಬಡಿದುಕೊಂಡಿತು.

"ಲಾಯ್ಡ್, ನಾನು ಮರೀಟಾ ಲೇಮನ್. ಆಗಸ್ಟಲ್ಲಿ ಸಿಕ್ಕಿದ್ನಲ್ಲ, ನೀವು ಬೇಡ ಅಂದ್ರಲ್ಲ, ಅವಳು. ನಿಮ್ಮ ಸೋಲಾರ್ ಈಗ ಎಷ್ಟು ತೋರಿಸ್ತಿದೆ?"

"ಎಂಬತ್ತಾರು."

"ಹೋದ ಶುಕ್ರವಾರ ಇದೇ ಹೊತ್ತಿಗೆ ತೊಂಬತ್ತು. ಬಿಸಿಲು ಒಂದೇ ಥರ ಇದೆ. ಶುರುವಾಯ್ತು ನೋಡಿ."

ನಮ್ಮ ದೇಶದಲ್ಲಿ ಯಾವ ಸ್ಥಾವರ ಯಾವ ಹೊತ್ತಿನಲ್ಲಿ ಎಷ್ಟು ಕೊಟ್ಟಿತು ಎಂಬುದು ಯಾರು ಬೇಕಾದರೂ ನೋಡುವ ಹಾಗೆ ಅಂತರ್ಜಾಲದಲ್ಲಿರುತ್ತದೆ. ಸಂದರ್ಶನ ಮುಗಿದ ಮಾರನೆಯ ದಿನದಿಂದ ಅವಳು ದಿನಾ ಅದನ್ನು ನೋಡುತ್ತಿದ್ದಳಂತೆ.

"ಎಲ್ಲಿದೀರಿ ಈಗ?"

"ನಿಮ್ಮ ಬೇಲಿ ಪಕ್ಕ. ಪೂರ್ವದ ಕಡೆ. ಇಲ್ಲಿ ಒಬ್ರು ಬಾರ್ಲಿ ಕುಯ್ತಾ ಇದಾರೆ. ನಾಳೆ ಬಿಡುವಿದ್ರೆ ಬನ್ನಿ. ಬೇಲಿ ಬೀಗದ ಕೈ ತನ್ನಿ, ಮರೀಬೇಡಿ."

ಬರುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. "ಎಷ್ಟೊತ್ತಿಗೆ?" ಎಂದು ಕೇಳಿಬಿಟ್ಟೆ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ತಲುಪಿದೆ. ದಾರಿಯಲ್ಲಿ ಬೇಕರಿಯೊಂದರಲ್ಲಿ ಮಾಂಸ, ತರಕಾರಿ ತುಂಬಿ ಬೇಯಿಸಿದ ಮೂರು ಪ್ಯಾಸ್ಟಿ ಕಟ್ಟಿಸಿಕೊಂಡಿದ್ದೆ. ಬೇಲಿಯಾಚೆ ಹೊಲದ ತುಂಬ ಬಿಳಿಬಿಳಿ ಹುಡಿ. ಅದರೊಳಗಿಂದ ಎರಡು ಮಹಡಿ ಮನೆಯಷ್ಟು ಎತ್ತರದ ಕಟಾವು ಯಂತ್ರವೊಂದು ಹೊರಬಂದು ನನ್ನ ಕಾರಿನ ಮುಂದೆ ನಿಂತಿತು. ಏಣಿಯಿಂದ ಮರೀಟಾ ಇಳಿದಳು. ಹುಬ್ಬು, ರೆಪ್ಪೆಗಳೆಲ್ಲ ಬೆಳ್ಳಗಾಗಿದ್ದವು. ಹಿಂದಿನಿಂದ ಇಳಿದವನು ಆ ಹೊಲದ ಯಜಮಾನ ಮರ್ವ್ ಶಿಂಕೆಲ್, ಎಪ್ಪತ್ತರ ಆಸುಪಾಸು, ಚಡ್ಡಿ, ಮೊಣಕಾಲುದ್ದದ ಕಾಲುಚೀಲ.

"ನೀನೇನಾ ಆ ಪ್ರಶ್ನೆ ಕೇಳಿದ ಮಹಾಶಯ?" ಎಂದ ಮರ್ವ್. "ಮೂರು ದಿನದಿಂದ ತಲೆ ತಿಂತಾ ಇದಾಳೆ ಇವ್ಳು. ಎಷ್ಟೊತ್ತಿಗೆ ಶುರು ಮಾಡ್ತೀಯ, ಯಾವ ಹೊಲ ಮೊದ್ಲು, ಗಾಳಿ ಯಾವ ಕಡೆಯಿಂದ... ನನ್ನ ಹೆಂಡ್ತಿ ನಲವತ್ತು ವರ್ಷದಲ್ಲಿ ಇಷ್ಟು ಕೇಳಿಲ್ಲ. ಬ್ಯಾಂಕ್‌ನೋಳು ಅಂತ ಮೊದ್ಲೇ ಹೇಳಿದ್ರೆ ಹತ್ತಿಸ್ಕೊಳ್ತಾನೇ ಇರ್ಲಿಲ್ಲ."

"ಅದಕ್ಕೇ ಹೇಳ್ಲಿಲ್ಲ," ಎಂದಳು ಮರೀಟಾ.

ಪ್ಯಾಸ್ಟಿ ತಿಂದು ಬೇಲಿಯ ಬೀಗ ತೆಗೆದೆ. ಮರೀಟಾ ಒಂದು ಫಲಕದ ಮೇಲೆ ಬೆರಳು ಎಳೆದಳು. ಹಿಟ್ಟಿನ ಡಬ್ಬದ ಮುಚ್ಚಳದ ಮೇಲೆ ಎಳೆದ ಹಾಗೆ ಗೆರೆ ಮೂಡಿತು. ಕೊಳೆ ಅಳೆಯುವ ಸಾಧನ ಎಲ್ಲಿದೆ ಎಂದು ಕೇಳಿದಳು. ಕಾರಿನಲ್ಲಿ ಕರೆದುಕೊಂಡು ಹೋಗಿ ತೋರಿಸಿದೆ. ಅದು ಪಶ್ಚಿಮದ ಗೇಟಿನ ಹತ್ತಿರ, ಆಫೀಸಿನ ಶೆಡ್ಡಿನ ಪಕ್ಕ. ಅದರಾಚೆ ಬರೀ ಕುರಿ ಮೇಯುವ ಹುಲ್ಲು. ಅಲ್ಲಿಯ ಫಲಕದ ಮೇಲೆ ಬೆರಳೆಳೆದರೆ ಬೆರಳಿಗೇನೂ ಅಂಟಲಿಲ್ಲ.

ನಾನು ಆ ಗೇಟಿನಿಂದ ಏನಿಲ್ಲೆಂದರೂ ಹತ್ತು ಸಲ ಒಳಹೋಗಿದ್ದೇನೆ. ಶೆಡ್ಡಿನಲ್ಲಿ ಚಹಾ ಕುಡಿದು, ಪರದೆ ನೋಡಿ, ಮರಳಿದ್ದೇನೆ. ಪೂರ್ವದ ಅಂಚಿಗೆ ಒಮ್ಮೆಯೂ ನಡೆದಿರಲಿಲ್ಲ.

"ಡಿಸೆಂಬರಲ್ಲಿ ಮಳೆ ಬಿದ್ದು ತೊಳೆದುಹೋಗುತ್ತೆ. ಅದಕ್ಕೇ ತಾನಾಗಿ ಸರಿಹೋಗ್ತಿತ್ತು," ಎಂದಳು. ಪೂರ್ವದ ಬೇಲಿಗೆ ಮರಳಿದ ಮೇಲೆ ಮರ್ವ್ ಕಡೆ ತಿರುಗಿ, "ಇವ್ರಿಗೂ ಹೇಳಿ, ಮುಂದಿನ ವಾರ ಏನು ಅಂತ."

"ಬಾರ್ಲಿ ಏನೂ ಅಲ್ಲ ಕಣಪ್ಪ. ಮುಂದಿನ ವಾರ ಮಸೂರ ಕುಯ್ತೀನಿ, ಬೇಳೆ ಮಾಡ್ತಾರಲ್ಲ, ಅದು. ಅದರ ಧೂಳು ನೋಡಿದೀಯಾ? ಕರೀದು, ಪೌಡರ್ ಇದ್ದ ಹಾಗೆ. ಅಂಟಿದ್ರೆ ಬಿಡಲ್ಲ. ನಮ್ಮ ಮಷೀನಿಗೇ ಬೆಂಕಿ ಹತ್ಕೊಳ್ಳುತ್ತೆ, ನಿಮ್ಮ ಗಾಜು ಯಾವ ಲೆಕ್ಕ?"

"ಹೋದ ವರ್ಷ ನಮ್ಗೆ ಇದನ್ನ ಹೇಳ್ಬಹುದಿತ್ತಲ್ಲ ಮರ್ವ್?" ಎಂದೆ.

"ನೀವು ಕೇಳ್ಬಹುದಿತ್ತಲ್ಲ?" ಎಂದು ಹೇಳಿ ಅವನು ಏಣಿ ಹತ್ತಿದ.

ಸೋಮವಾರ ಆಂಥೀಯಾಳಿಗೆ ಎಲ್ಲವನ್ನೂ ಹೇಳಿದೆ. "ಸಂಬಳ ಇಲ್ದೇ ಮೂರು ದಿನ ಕಟಾವು ಮಷೀನಲ್ಲಿ ಕೂತ್ಕೊಂಡ್ಲಾ?" ಎಂದು ಕೇಳಿದಳು. ಆ ವಾರವೇ ಮರೀಟಾಳಿಗೆ ಮೂರು ತಿಂಗಳ ತಾತ್ಕಾಲಿಕ ಕೆಲಸ ಸಿಕ್ಕಿತು. ವಹಿವಾಟಿನದ್ದಲ್ಲ, ನಮ್ಮ ಪಕ್ಕ ಕೂತು ಅಂದಾಜು ಮಾಡುವ ಕೆಲಸ. ಬ್ಯಾಂಕಿನಲ್ಲಿ ಬರುತ್ತಿದ್ದ ಸಂಬಳದ ಅರ್ಧವೂ ಇರಲಿಲ್ಲ. ಅವಳ ಗಂಡ ಶಾಲೆಯಲ್ಲಿ ಸಂಗೀತದ ಮೇಷ್ಟ್ರು. "ಮನೇಲಿ ಒಬ್ಬರಿಗಾದ್ರೂ ದುಡ್ಡಿನ ಕೆಲಸ ಇತ್ತು, ಅದೂ ಹೋಯ್ತು" ಎಂದು ನಕ್ಕನಂತೆ.

ಅವಳು ಬಂದ ಮೇಲೆ ನಮ್ಮ ಮೇಜಿನ ಸುತ್ತ ಪ್ರಶ್ನೆಗಳು ಜಾಸ್ತಿಯಾದವು. ಬ್ಯಾಟರಿ ಬಿಸಿಯಾದರೆ ಎಷ್ಟು ಕಡಿಮೆ ಹಿಡಿಯುತ್ತದೆ? ನಲವತ್ತು ಡಿಗ್ರಿ ದಾಟಿದರೆ ಗಾಳಿಯಂತ್ರ ಯಾಕೆ ಸುಸ್ತಾಗುತ್ತದೆ? ನದಿಯಿಂದ ಊರಿಗೆ ನೀರೆತ್ತುವ ಪಂಪುಗಳನ್ನು ಯಾರು ಯಾವಾಗ ಹಾಕುತ್ತಾರೆ? ಹೊಸ ಇಂಜಿನಿಯರ್ ಹುಡುಗ ಮೊದಮೊದಲು ಕಣ್ಣು ತಿರುಗಿಸುತ್ತಿದ್ದ. ಎರಡು ವಾರದಲ್ಲಿ ಅವನೂ ಕೇಳತೊಡಗಿದ. ನಾನು ಗೊತ್ತಿದ್ದದ್ದನ್ನು ಹೇಳಿದೆ. ಗೊತ್ತಿಲ್ಲದ್ದಕ್ಕೆ ಹಳೆಯ ಸಹೋದ್ಯೋಗಿಗಳಿಗೆ ಫೋನು ಹಚ್ಚಿದೆ. ಎಷ್ಟೋ ವರ್ಷಗಳಿಂದ ಮಾತಾಡದವರ ದನಿ ಕೇಳಿದ ಹಾಗಾಯಿತು.

ಡಿಸೆಂಬರ್ ಹತ್ತೊಂಬತ್ತು, ನಮ್ಮಲ್ಲಿ ಬೇಸಿಗೆ. ನಲವತ್ತೆರಡು ಡಿಗ್ರಿ, ಎಲೆ ಅಲುಗದ ಸೆಖೆ. ಮರ್ವ್ ಹಿಂದಿನ ದಿನವಷ್ಟೇ ಮಸೂರ ಮುಗಿಸಿದ್ದ. ಇನ್ನೂ ಮಳೆ ಬಿದ್ದಿರಲಿಲ್ಲ. ಅಂದು ಸಂಜೆ ಇಷ್ಟು ಕರೆಂಟು ಇಂತಿಷ್ಟು ಬೆಲೆಗೆ ಕೊಡುತ್ತೇವೆ ಎಂದು ನಾವು ತಿಂಗಳುಗಳ ಮೊದಲೇ ಮಾತು ಕೊಟ್ಟಿದ್ದೆವು. ಸೋಲಾರಿನಿಂದ ಕಡಿಮೆ ಬಿದ್ದರೆ, ಆ ಹೊತ್ತಿನ ಬೆಲೆ ಎಷ್ಟಿದ್ದರೂ ಕೊಂಡು ತುಂಬಿಕೊಡಬೇಕು.

ನಾಲ್ಕು ಗಂಟೆಗೆ ಬೆಲೆ ಮೆಗಾವಾಟ್-ಗಂಟೆಗೆ ಮುನ್ನೂರು ಡಾಲರಿನ ಹತ್ತಿರ ನಿಂತಿತ್ತು. ಬ್ಯಾಟರಿಯಲ್ಲಿದ್ದುದರಲ್ಲಿ ಅರ್ಧ ಮಾರಿಬಿಡಲು ಅದು ಒಳ್ಳೆಯ ಹೊತ್ತು. ಐದೂವರೆಗೆ ಸೋಲಾರ್ ಎಪ್ಪತ್ತು ಕೊಡುತ್ತದೆ ಎಂದು ನಮ್ಮ ಮುನ್ಸೂಚನೆಯ ಯಂತ್ರ ಹೇಳುತ್ತಿತ್ತು.

"ಅರವತ್ತೊಂದು," ಎಂದಳು ಮರೀಟಾ. "ಧೂಳು ಲೆಕ್ಕಕ್ಕೆ ಹಿಡಿದ್ರೆ ಅರವತ್ತೊಂದು. ಗಾಳಿ ಇಲ್ಲ. ಇಂಥ ಸೆಖೇಲಿ ಆರು ಗಂಟೆಗೆ ಬೆಲೆ ಹಾರಿದ್ರೆ ಬ್ಯಾಟರಿ ಒಂದೇ ನಮ್ಗೆ ಗತಿ. ನಾನಾಗಿದ್ರೆ ಪೂರ್ತಿ ಇಟ್ಕೊಳ್ತಿದ್ದೆ."

"ತಂಪುಗಾಳಿ ಎಷ್ಟೊತ್ತಿಗೆ ಅಂತೆ?" ಎಂದು ಕೇಳಿದೆ. ನಮ್ಮಲ್ಲಿ ಇಂಥ ಸೆಖೆ ಮುರಿಯುವುದು ನೈಋತ್ಯದ ಸಮುದ್ರದಿಂದ ಬರುವ ಗಾಳಿಯಿಂದ. ಅದು ಬಂದರೆ ಅರ್ಧ ಗಂಟೆಯಲ್ಲಿ ಹದಿನೈದು ಡಿಗ್ರಿ ಇಳಿಯುತ್ತದೆ.

"ರಾತ್ರಿ ಒಂಬತ್ತು ಅಂತ ಹವಾಮಾನದವ್ರು ಹೇಳ್ತಿದಾರೆ."

ತೀರ್ಮಾನ ನನ್ನದು. ಅವಳ ಲೆಕ್ಕ ನೋಡಿದೆ, ಹದಿನೈದು ದಿನದಿಂದ ಅದು ಒಂದು ಮೆಗಾವಾಟಿಗಿಂತ ಹೆಚ್ಚು ತಪ್ಪಿರಲಿಲ್ಲ. ಒಂದನ್ನೂ ಮಾರದೆ ಇಟ್ಟುಕೊಂಡೆ.

ಐದೂವರೆಗೆ ಸೋಲಾರ್ ಅರವತ್ತೆರಡು ತೋರಿಸಿತು. ಇಂಜಿನಿಯರ್ ಹುಡುಗ ಮೇಜು ಕುಟ್ಟಿದ. ಬೆಲೆ ನಾನೂರು, ಆರುನೂರು. ನಾನು ಕಾಯುತ್ತಿದ್ದೆ. ಐದೂ ಮುಕ್ಕಾಲಿಗೆ ಕಿಟಕಿಯ ಗಾಜು ಸಣ್ಣಗೆ ನಡುಗಿತು. ಕೆಳಗೆ ರಸ್ತೆಯಲ್ಲಿ ಯಾರದ್ದೋ ಟೋಪಿ ಹಾರಿತು, ಕಾಗದಗಳು ಸುಳಿಸುಳಿಯಾಗಿ ಮೇಲೆದ್ದವು. ನಮ್ಮ ಗಾಳಿಯಂತ್ರಗಳ ಅಂಕಿ ಮೂರರಿಂದ ಹನ್ನೊಂದಕ್ಕೆ, ಹನ್ನೊಂದರಿಂದ ನಲವತ್ತಕ್ಕೆ ಜಿಗಿಯಿತು. ಎಲ್ಲರ ಗಾಳಿಯಂತ್ರಗಳೂ ಹಾಗೆಯೇ. ಆರೂಕಾಲಿಗೆ ಬೆಲೆ ಮೂವತ್ತೆಂಟು ಡಾಲರಿಗೆ ಬಿದ್ದಿತ್ತು. ತುಂಬಿದ ಬ್ಯಾಟರಿ ಇಟ್ಟುಕೊಂಡು ನಾವು ಕೂತಿದ್ದೆವು.

ಆಂಥೀಯಾ ತನ್ನ ಕೋಣೆಯಿಂದ ಹೊರಬಂದು ಪರದೆ ನೋಡಿ ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ನಾನು ಮರೀಟಾಳನ್ನು ನೋಡಿದೆ. ಇಂಥ ಹೊತ್ತಿನಲ್ಲಿ ಮನುಷ್ಯರ ಬಣ್ಣ ತಿಳಿಯುತ್ತದೆ. 'ನನ್ನ ಅಂಕಿ ಸರಿಯಿತ್ತು' ಎನ್ನುವವರು ಇದ್ದಾರೆ, 'ತೀರ್ಮಾನ ನಿಮ್ಮದಾಗಿತ್ತಲ್ಲ' ಎನ್ನುವವರು ಇದ್ದಾರೆ. ಅವಳ ಮುಖ ಕೆಂಪಾಗಿತ್ತು, ಅವಮಾನವಾದದ್ದು ಕಾಣುತ್ತಿತ್ತು. ಎದ್ದು ಕಿಟಕಿಯ ಹತ್ತಿರ ಹೋಗಿ ಗಾಜಿಗೆ ಅಂಗೈ ಒತ್ತಿದಳು.

"ಮೂರು ಗಂಟೆ ಮೊದ್ಲೇ ಹೇಗೆ ಬಂತು?" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಲಾಯ್ಡ್, ಇದು ಇಲ್ಲಿಗೆ ಬರೋಕೆ ಮುಂಚೆ ಎಲ್ಲಿಗೆ ಬಂದಿರುತ್ತೆ? ಯಾರಿಗೋ ಮೊದ್ಲೇ ತಾಕಿರಬೇಕಲ್ಲ?"

"ಪೋರ್ಟ್ ಲಿಂಕನ್," ಎಂದೆ. "ಅಲ್ಲಿ ಪಶ್ಚಿಮದ ಕರಾವಳೀಲಿ ಟ್ಯೂನಾ ಮೀನು ಹಿಡಿಯೋನೊಬ್ಬ ಇದಾನೆ, ನನ್ನ ಹಳೇ ಸ್ನೇಹಿತ. ಸ್ಥಾವರದಲ್ಲಿದ್ದಾಗ ಇಂಥ ದಿನ ಮಧ್ಯಾಹ್ನ ಅವನಿಗೆ ಫೋನ್ ಮಾಡ್ತಿದ್ದೆ. ಗಾಳಿ ತಿರುಗಿದ್ರೆ ಅವನಿಗೆ ಎರಡು ಗಂಟೆ ಮುಂಚೆ ಗೊತ್ತಾಗುತ್ತೆ."

"ಇವತ್ತು ಮಾಡಿದ್ರಾ?"

"ಇಲ್ಲ. ಮಾಡ್ಬೇಕಿತ್ತು. ಇಲ್ಲಿಗೆ ಬಂದ ಮೇಲೆ ಬಿಟ್ಟೇ ಬಿಟ್ಟೆ. ಪರದೆ ಇದೆಯಲ್ಲ ಅಂತ."

"ನಂಬರ್ ಕೊಡಿ," ಎಂದು ಪೆನ್ನು ತೆಗೆದಳು.

ಅವಳು ಅಲ್ಲೇ ನಿಂತು ಫೋನು ಮಾಡಿದಳು. ನಾಲ್ಕಕ್ಕೆ ಮುಂಚೆಯೇ ಅಲ್ಲಿ ಗಾಳಿ ತಿರುಗಿತ್ತಂತೆ. ಅವನು ದೋಣಿ ಒಳಕ್ಕೆ ತಂದಿದ್ದನಂತೆ. ಅವಳು ಅವನ ಜೊತೆ ಇಪ್ಪತ್ತು ನಿಮಿಷ ಮಾತಾಡಿದಳು. ನೀರಿನ ಬಣ್ಣ ಹೇಗೆ ಬದಲಾಗುತ್ತದೆ, ಹಕ್ಕಿಗಳು ಯಾವ ಕಡೆ ಹೋಗುತ್ತವೆ ಎಂದೆಲ್ಲ ಕೇಳುತ್ತಿದ್ದಳು.

ಫೆಬ್ರುವರಿಯಲ್ಲಿ ಅವಳ ಮೂರು ತಿಂಗಳು ಮುಗಿಯುವ ಹೊತ್ತಿಗೆ ಆಂಥೀಯಾ ನನ್ನನ್ನು ಕರೆದಳು.

"ನೀನು ಹೇಳು. ಇವಳನ್ನ ಮಾರೋ ಕುರ್ಚೀಲಿ ಕೂರಿಸ್ಬೇಕು ಅಂತ ನಿನ್ನ ಮನಸಲ್ಲಿದೆ. ಆದ್ರೆ ಆವತ್ತು ಡಿಸೆಂಬರಲ್ಲಿ ಎಷ್ಟು ಹೋಯ್ತು, ನೆನಪಿದೆಯಾ?"

"ಹೋಗಿದ್ದು ನನ್ನಿಂದ. ಅವಳ ಅಂಕಿ ಸರಿ ಇತ್ತು."

"ಅಂಕಿ ಸರಿ ಇರೋರು ಬೇಕಾದಷ್ಟು ಸಿಗ್ತಾರೆ."

"ಸಿಗ್ತಾರೆ. ಸೋತ ಮೇಲೆ ಮೀನುಗಾರನಿಗೆ ಫೋನ್ ಮಾಡೋರು ಎಷ್ಟು ಜನ ಸಿಗ್ತಾರೆ, ಹೇಳು."

ಆಂಥೀಯಾ ಮೇಜಿನ ಮೇಲಿದ್ದ ಎರಡು ಹಾಳೆಗಳನ್ನು ನನ್ನ ಕಡೆ ತಳ್ಳಿದಳು. ಮರೀಟಾ ಬರೆದದ್ದು. ನಾವು ವರ್ಷವಿಡೀ ಪ್ರತಿ ತಿಂಗಳೂ ಒಂದೇ ಪ್ರಮಾಣದ ಕರೆಂಟಿಗೆ ಮಾತು ಕೊಡುವುದು ಯಾಕೆ? ಕಟಾವಿನ ಆರು ವಾರಗಳಿಗೆ ಹತ್ತರಲ್ಲಿ ಒಂದು ಭಾಗ ಕಡಿಮೆ ಮಾತು ಕೊಡೋಣ, ಮಳೆಯ ನಂತರದ ತಿಂಗಳುಗಳಿಗೆ ಜಾಸ್ತಿ ಕೊಡೋಣ. ಕೊಳ್ಳುವವರು ಇದಕ್ಕೆ ಒಪ್ಪುವಂತೆ ಒಪ್ಪಂದವನ್ನು ಹೇಗೆ ಬರೆಯಬೇಕು ಎಂಬುದೂ ಅದರಲ್ಲಿತ್ತು. ಮೂರು ವರ್ಷ ನಾನು ಮೀಟರ್ ಬದಲು ಮಾಡಿಸಿ, ತಂತಿ ತಪಾಸಣೆ ಮಾಡಿಸಿ, ಪ್ರಶ್ನೆ ಮಾಡಿಕೊಂಡು ಮೆರೆದ ತೊಂದರೆಯನ್ನು ಅವಳು ಎರಡು ಹಾಳೆಯಲ್ಲಿ ಮುಗಿಸಿದ್ದಳು. ಮೊದಲ ಪುಟ ನನಗೆ ಅರ್ಥವಾಯಿತು. ಎರಡನೆಯದು ಆಗಲಿಲ್ಲ.

"ಇದು ಸರಿಯಾಗಿದೆಯಾ?" ಎಂದು ಕೇಳಿದೆ.

"ಸರಿಯಾಗಿದೆ. ಇದನ್ನ ಬರೆಯೋಕೆ ಬ್ಯಾಂಕಲ್ಲೇ ಕಲಿತಿರ್ಬೇಕು," ಎಂದು ಆಂಥೀಯಾ ಕೆಲಸದ ಪತ್ರಕ್ಕೆ ಸಹಿ ಮಾಡಿದಳು.

ಮಾರ್ಚಿನಿಂದ ಮರೀಟಾ ನನ್ನ ಎಡಗಡೆಯ ಕುರ್ಚಿಯಲ್ಲಿ ಕೂತು ಕರೆಂಟು ಮಾರತೊಡಗಿದಳು. ಮೊದಲ ವಾರ ಬೆಲೆ ಹಾಕಿ ಗುಂಡಿ ಒತ್ತಿದ ಮೇಲೆ ಐದು ನಿಮಿಷ ಉಸಿರು ಬಿಡುತ್ತಿರಲಿಲ್ಲ. ಒಂದು ದಿನ ಸೊನ್ನೆಗಿಂತ ಕೆಳಗೆ ಹೋಗಬೇಕಾದ ಬೆಲೆಗೆ ಕಳೆಯುವ ಗುರುತು ಹಾಕುವುದನ್ನೇ ಮರೆತಳು, ನಾನು ಅರ್ಧ ನಿಮಿಷ ಇರುವಾಗ ತಿದ್ದಿಸಿದೆ. "ನಾನೂ ಮೊದಲ ತಿಂಗಳಲ್ಲಿ ಎರಡು ಸಲ ಮರೆತಿದ್ದೆ," ಎಂದೆ. ಅದು ಸುಳ್ಳು, ನಾಲ್ಕು ಸಲ ಮರೆತಿದ್ದೆ.

ಆ ಶುಕ್ರವಾರ ಮಧ್ಯಾಹ್ನ ಬೆಲೆ ಸೊನ್ನೆಯ ಸುತ್ತ ತೂಕಡಿಸುತ್ತಿತ್ತು. ಉಳಿದವರು ಊಟಕ್ಕೆ ಇಳಿದಿದ್ದರು. ನಾನು ನನ್ನ ಡಬ್ಬಿ ತೆರೆದು, ಮುಚ್ಚಿ, ಮತ್ತೆ ತೆರೆದೆ.

"ಒಂದು ಕೇಳ್ಲಾ?" ಎಂದೆ. "ಆ ನಿನ್ನ ಎರಡನೇ ಹಾಳೆ... ಅದ್ರಲ್ಲಿ ಆಪ್ಷನ್ ಅಂತ ಬರ್ದಿದ್ಯಲ್ಲ. ಆರು ವರ್ಷದಿಂದ ಮೀಟಿಂಗಲ್ಲಿ ಆ ಪದ ಬಂದಾಗೆಲ್ಲ ತಲೆ ಆಡಿಸ್ತಾ ಇದೀನಿ. ನಿಜವಾಗ್ಲೂ ಹಾಗಂದ್ರೆ ಏನು?"

ಮರೀಟಾ ನಗಲಿಲ್ಲ. ತಾನು ತಂದಿದ್ದ ಪ್ಯಾಸ್ಟಿಯ ಕಾಗದದ ಚೀಲ ಹರಿದು ಬಿಡಿಸಿ ಮೇಜಿನ ಮೇಲೆ ಹಾಸಿದಳು, ಪೆನ್ನು ತೆಗೆದಳು, ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು.